ಎರಡು ಗೆರೆ, ಐದು ನಿಮಿಷ: ಮನೇಲಿ ಮಾಡ್ಕೊಳ್ಳೋ ಪ್ರೆಗ್ನೆನ್ಸಿ ಕಿಟ್ ಬಗ್ಗೆ ನನ್ನ ರಿವ್ಯೂ

ಫೋನ್ ತಗೊಳ್ಳೋಕ್ ಮುಂಚೆ ನಲವತ್ತು ರಿವ್ಯೂ ಓದ್ತೀವಿ, ಚಪ್ಪಲಿಗೂ ಓದ್ತೀವಿ, ಆದ್ರೆ ಪ್ರೆಗ್ನೆನ್ಸಿ ಟೆಸ್ಟ್ ಕಿಟ್ ಮಾತ್ರ ಯಾರ್ನೂ ಕೇಳ್ದೆ, ಕೈಗೆ ಮೊದಲು ಸಿಕ್ಕಿದ್ದನ್ನ ತಗೊಂಡು ಬ್ಯಾಗೊಳಗೆ ಹಾಕ್ಕೊಂಡು ಬರ್ತೀವಿ. ನಾನೂ ಹಂಗೇ ಮಾಡಿದ್ದು. ಈಗ ನನಗೆ 35. 24ನೇ ವಯಸ್ಸಲ್ಲಿ ಮೊದಲನೇ ಸಲ ಬಳಸಿದ್ದು, ಆಮೇಲೆ 31ರಲ್ಲಿ, ಆಮೇಲೆ 33ರಲ್ಲಿ, ಎಲ್ಲಾ ಸೇರಿ ಒಂದು ಹದಿನಾಲ್ಕು ಕಿಟ್ ಆದ್ರೂ ಮುಗಿಸಿದೀನಿ, ಸ್ಟ್ರಿಪ್, ಡ್ರಾಪರ್ ಇರೋದು, ಪೆನ್ ತರ ಇರೋದು, ಡಿಜಿಟಲ್ ಸ್ಕ್ರೀನ್ ಇರೋದು, ಎಲ್ಲಾನೂ. ಕಂಪನಿ ಹೆಸರು ಬರೆಯಲ್ಲ, ಯಾಕಂದ್ರೆ ನಾನು ಹೇಳ್ಬೇಕಿರೋದು ಒಂದು ಕಂಪನಿ ಬಗ್ಗೆ ಅಲ್ಲ, ಈ ವಸ್ತು ಬಗ್ಗೆ, ಇದು ನಮ್ಮ ಮನೆಗಳೊಳಗೆ ಬಂದು ಏನು ಬದಲಾಯಿಸ್ತು ಅನ್ನೋದ್ರ ಬಗ್ಗೆ.

ಮೊದ್ಲು ಕೆಲಸ ಹೆಂಗೆ ಮಾಡತ್ತೆ ಅಂತ ಹೇಳ್ಬಿಡ್ತೀನಿ. ಗರ್ಭ ಕಟ್ಟಿದ ಮೇಲೆ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳತ್ತೆ, ಅಂಡ ಬಿಡುಗಡೆ ಆಗಿ 6ರಿಂದ 12 ದಿನದೊಳಗೆ ಇದು ನಡೆಯತ್ತೆ, ಅಲ್ಲಿಂದ ಎಚ್‌ಸಿಜಿ ಅನ್ನೋ ಹಾರ್ಮೋನ್ ಶುರುವಾಗಿ ಎರಡು ಮೂರು ದಿನಕ್ಕೊಂದ್ಸಲ ಡಬಲ್ ಆಗ್ತಾ ಹೋಗತ್ತೆ. ಕಿಟ್ ಒಳಗಿರೋ ಕಾಗದದ ಪಟ್ಟಿ ಮೇಲೆ ಆ ಹಾರ್ಮೋನನ್ನ ಹಿಡ್ಕೊಳ್ಳೋ ಆಂಟಿಬಾಡಿ ಹಚ್ಚಿರ್ತಾರೆ. ಮೂತ್ರ ಪಟ್ಟಿಗುಂಟ ಹರಿದು ಹೋಗುವಾಗ ಹಾರ್ಮೋನ್ ಇದ್ರೆ 'ಟಿ' ಹತ್ರ ಗೆರೆ ಮೂಡತ್ತೆ, 'ಸಿ' ಹತ್ರ ಮೂಡೋ ಗೆರೆ ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಅನ್ನೋದಕ್ಕೆ ಗುರುತು. ಕೋವಿಡ್ ಟೈಮಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡ್ಕೊಂಡ ರ‍್ಯಾಪಿಡ್ ಟೆಸ್ಟ್ ಕೂಡ ಇದೇ ತತ್ವದ್ದೇ. ಸಾಮಾನ್ಯವಾಗಿ ಒಂದು ಎಂಎಲ್ ಮೂತ್ರದಲ್ಲಿ 25 ಮಿಲಿ ಯೂನಿಟ್ ಹಾರ್ಮೋನ್ ಇದ್ರೆ ಗೆರೆ ಬರತ್ತೆ. ಡಿಜಿಟಲ್ ಅಂತ ಜಾಸ್ತಿ ದುಡ್ಡು ಕೊಟ್ಟು ತರ್ತೀವಲ್ಲ, ನಾನೊಂದನ್ನ ಬಿಚ್ಚಿ ನೋಡ್ದೆ, ಒಳಗೆ ಅದೇ ಕಾಗದದ ಪಟ್ಟಿ, ಗೆರೆನ ನಮ್ಮ ಕಣ್ಣಿನ ಬದಲು ಸೆನ್ಸರ್ ಓದತ್ತೆ ಅಷ್ಟೆ. ಕೈ ನಡುಗುವಾಗ ಗೆರೆ ಇದ್ಯಾ ಇಲ್ವಾ ಅಂತ ಕಣ್ಣು ಕಿರಿದು ಮಾಡ್ಕೊಂಡು ನೋಡೋ ಸಂಕಟ ತಪ್ಪತ್ತೆ, ಅಷ್ಟಕ್ಕೆ ಆ ದುಡ್ಡು. ನನ್ನ ಕೇಳಿದ್ರೆ ಸಾದಾ ಸ್ಟ್ರಿಪ್ ಸಾಕು.

ಈಗ ಆ ಮೊದಲನೇ ಸಲದ ವಿಷಯ. ಮದುವೆ ಆಗಿರ್ಲಿಲ್ಲ. ಒಂಬತ್ತು ದಿನ ಪಿರಿಯಡ್ಸ್ ತಡ ಆಗಿತ್ತು, ರೂಮ್‌ಮೇಟ್‌ಗೆ ಸದ್ದು ಕೇಳಬಾರ್ದು ಅಂತ ಬಾತ್‌ರೂಮಿನ ನಲ್ಲಿ ತಿರುಗಿಸಿ ನೀರು ಬಿಟ್ಟು, ನೆಲದ ಮೇಲೆ ಕೂತು, ಲೀಫ್ಲೆಟನ್ನ ಮೂರು ಸಲ ಓದಿ, ಮೂರು ಹನಿ ಹಾಕಿ, ಫೋನಲ್ಲಿ ಐದು ನಿಮಿಷ ಟೈಮರ್ ಇಟ್ಟೆ. ಒಂದೇ ಗೆರೆ. ಇನ್ನೊಂದು ಬರ್ಲಿಲ್ಲ. ಎರಡು ದಿನ ಬಿಟ್ಟು ಪಿರಿಯಡ್ಸ್ ಬಂತು, ಕಥೆ ಮುಗೀತು. ಆದ್ರೆ ಆ ಐದು ನಿಮಿಷದಲ್ಲಿ ನಾನು ಏನೇನು ಯೋಚನೆ ಮಾಡಿದ್ನೋ ಅದೆಲ್ಲಾ ನನ್ನದೇ ಆಗಿ ಉಳೀತು. ಯಾರೂ ಬೈಲಿಲ್ಲ, ಯಾರೂ ಸಮಾಧಾನನೂ ಮಾಡ್ಲಿಲ್ಲ, ಯಾರೂ ನನ್ನ ಬಗ್ಗೆ ನಿರ್ಧಾರ ತಗೊಳ್ಳಲಿಲ್ಲ. ಏನಾದ್ರೂ ಎರಡು ಗೆರೆ ಬಂದಿದ್ರೆ ಏನು ಮಾಡ್ತಿದ್ದೆ ಅನ್ನೋದಕ್ಕೆ ನನ್ನ ಹತ್ರ ಆಗ ಉತ್ತರ ಇರ್ಲಿಲ್ಲ, ಆದ್ರೆ ಮೊದಲು ಗೊತ್ತಾಗೋದು ನನಗೇ ಅನ್ನೋದು ಗ್ಯಾರಂಟಿ ಇತ್ತು, ಅದೇ ಒಂದು ಧೈರ್ಯ.

ಅದು ಎಷ್ಟು ದೊಡ್ಡದು ಅಂತ ಅರ್ಥ ಆಗಿದ್ದು ಆಮೇಲೆ ನಮ್ಮಜ್ಜಿ ಮಾತು ಕೇಳಿದಾಗ. "ನಾನು ಬಸುರಿ ಅಂತ ನನಗಿಂತ ಮೊದ್ಲು ನಮ್ಮತ್ತೆಗೆ ಗೊತ್ತಾಗಿತ್ತು ಕಣೇ" ಅಂತ ಅಜ್ಜಿ ಸಲೀಸಾಗಿ ಹೇಳಿದ್ರು. ಅತ್ತೆ ದಿನ ಎಣಿಸ್ತಾ ಇದ್ರಂತೆ. ಅಜ್ಜಿಗೆ ಆಗ ಹದಿನೇಳು. ಮೈಯಲ್ಲಿ ಏನಾಗ್ತಿದೆ ಅಂತ ಅವರಿಗೆ ಯಾರೂ ಕೂರಿಸಿ ಹೇಳಿರ್ಲಿಲ್ಲ, ಮನೆಯವರೆಲ್ಲಾ ಮಾತಾಡ್ಕೊಂಡ ಮೇಲೆ ಕೊನೇಲಿ ಅವರಿಗೆ ತಿಳಿದಿದ್ದು. ಅಮ್ಮಂದು ಸ್ವಲ್ಪ ಬೇರೆ, ಅವರಿಗೆ ಮೊದಲು ಹೇಳಿದ್ದು ಡಾಕ್ಟರ್, ಅದೂ ನೇರವಾಗಿ ಅಮ್ಮಂಗಲ್ಲ, ಪಕ್ಕದಲ್ಲಿ ನಿಂತಿದ್ದ ಅಪ್ಪಂಗೆ. ನನಗೆ ಹೇಳಿದ್ದು ಒಂದು ಪ್ಲಾಸ್ಟಿಕ್ ಕಡ್ಡಿ. ಮೂರು ತಲೆಮಾರಲ್ಲಿ 'ಮೊದಲು ಯಾರಿಗೆ ಗೊತ್ತಾಗತ್ತೆ' ಅನ್ನೋ ಪ್ರಶ್ನೆಗೆ ಉತ್ತರ ಅತ್ತೆಯಿಂದ ಡಾಕ್ಟರ್‌ಗೆ, ಡಾಕ್ಟರ್‌ರಿಂದ ನನ್ನ ಕೈಗೆ ಬಂದಿದೆ, ಇದಕ್ಕಿಂತ ದೊಡ್ಡ ಫೀಚರ್ ಈ ಪ್ರಾಡಕ್ಟಲ್ಲಿ ಇನ್ನೊಂದಿಲ್ಲ, ಬಾಕ್ಸ್ ಮೇಲೆ ಮಾತ್ರ ಅದನ್ನ ಎಲ್ಲೂ ಬರೆದಿರಲ್ಲ.

ಹಿಂದಕ್ಕೆ ಹೋಗಿ ನೋಡಿದ್ರೆ ಈ 'ಮೊದಲು ಯಾರಿಗೆ' ಅನ್ನೋದ್ರ ಮೇಲೆ ಕಾನೂನುಗಳೇ ನಿಂತಿದ್ವು. ಫ್ರಾನ್ಸಲ್ಲಿ 1556ರಲ್ಲಿ ಎರಡನೇ ಹೆನ್ರಿ ರಾಜ ಒಂದು ಆಜ್ಞೆ ಹೊರಡಿಸಿದ, ಮದುವೆ ಇಲ್ದೆ ಬಸುರಾದವಳು ಅದನ್ನ ಅಧಿಕಾರಿಗಳ ಮುಂದೆ ಹೋಗಿ ಹೇಳ್ಕೋಬೇಕು, ಮುಚ್ಚಿಟ್ಟು ಮಗು ಸತ್ತುಹೋದ್ರೆ ಅವಳೇ ಕೊಂದಿದ್ದು ಅಂತ ಲೆಕ್ಕ, ಶಿಕ್ಷೆ ಮರಣದಂಡನೆ. ಇಂಗ್ಲೆಂಡಲ್ಲಿ ಗಲ್ಲು ಶಿಕ್ಷೆ ಆದ ಹೆಂಗಸು ನಾನು ಬಸುರಿ ಅಂತ ಹೇಳಿದ್ರೆ ಅದನ್ನ ಪರೀಕ್ಷೆ ಮಾಡೋಕೆ ಹಿರಿ ಹೆಂಗಸರ ಒಂದು ಜ್ಯೂರಿನೇ ಕೂರಿಸ್ತಿದ್ರು, ಅವರು ಮುಟ್ಟಿ ನೋಡಿ ಹೊಟ್ಟೆಯೊಳಗೆ ಮಗು ಮಿಸುಕಾಡ್ತಿದ್ಯಾ ಅಂತ ತೀರ್ಪು ಹೇಳ್ಬೇಕು. ಆ ಪದ್ಧತಿ ಕಾನೂನು ಪುಸ್ತಕದಿಂದ ಪೂರ್ತಿ ಹೋಗಿದ್ದು 1931ರಲ್ಲಿ. ಅಂದ್ರೆ ನೋಡಿ, ಹೊಟ್ಟೆ ಅವಳದು, ಸುದ್ದಿ ಊರಿಂದು.

ವಿಜ್ಞಾನ ಬಂದ ಮೇಲೆ ಸುದ್ದಿ ಊರಿಂದ ಲ್ಯಾಬಿಗೆ ಹೋಯ್ತು. ಮೂತ್ರ ನೋಡಿ ಬಸುರು ಹೇಳೋ ಆಸೆ ಮಾತ್ರ ಬಹಳ ಹಳೇದು, 3,300 ವರ್ಷದ ಹಿಂದೆನೇ ಈಜಿಪ್ಟಲ್ಲಿ ಗೋಧಿ, ಬಾರ್ಲಿ ಕಾಳಿನ ಮೇಲೆ ಮೂತ್ರ ಹುಯ್ಯಿಸಿ ಮೊಳಕೆ ಬಂದ್ರೆ ಬಸುರಿ ಅಂತಿದ್ರು. 1963ರಲ್ಲಿ ಅದನ್ನ ನಿಜವಾಗ್ಲೂ ಮಾಡಿ ನೋಡಿದ್ರು, ಬಸುರಿಯರ ಮೂತ್ರಕ್ಕೆ 70 ಪರ್ಸೆಂಟ್ ಹತ್ರ ಮೊಳಕೆ ಬಂತು, ಗಂಡಸರ ಮೂತ್ರಕ್ಕೆ ಬರ್ಲಿಲ್ಲ. (ಬಾರ್ಲಿ ಮೊಳೆತ್ರೆ ಗಂಡು, ಗೋಧಿ ಮೊಳೆತ್ರೆ ಹೆಣ್ಣು ಅಂತ ಹೇಳ್ತಿದ್ದ ಭಾಗ ಸುಳ್ಳು ಅಂತ ಗೊತ್ತಾಯ್ತು, ಆ ಆಸೆನೂ ಎಷ್ಟು ಹಳೇದು ನೋಡಿ.) 1920ರ ದಶಕದ ಕೊನೇಲಿ ಬರ್ಲಿನ್‌ನಲ್ಲಿ ಸೆಲ್ಮಾರ್ ಆಶ್‌ಹೈಮ್, ಬರ್ನ್‌ಹಾರ್ಡ್ ಝೊಂಡೆಕ್ ಅನ್ನೋ ಇಬ್ಬರು ಡಾಕ್ಟರ್‌ಗಳು ಮರಿ ಇಲಿಗಳಿಗೆ ಹೆಂಗಸಿನ ಮೂತ್ರ ಇಂಜೆಕ್ಟ್ ಮಾಡಿ, ಕೆಲವು ದಿನ ಬಿಟ್ಟು ಅವನ್ನ ಕೊಯ್ದು ಅಂಡಾಶಯ ನೋಡಿ ಹೇಳೋ ಟೆಸ್ಟ್ ತಂದ್ರು. ಆಮೇಲೆ 1931ರಲ್ಲಿ ಅಮೆರಿಕಾದಲ್ಲಿ ಮೊಲ ಬಂತು, ಅದಾದ್ಮೇಲೆ ಆಫ್ರಿಕಾದ ಒಂದು ಜಾತಿ ಕಪ್ಪೆ, ಅದಕ್ಕೆ ಇಂಜೆಕ್ಷನ್ ಕೊಟ್ರೆ ಒಂದು ದಿನದೊಳಗೆ ಮೊಟ್ಟೆ ಇಡ್ತಿತ್ತು, ಕೊಲ್ಲೋ ಅವಶ್ಯಕತೆ ಇಲ್ಲ. ಅದೇ ಬರ್ಲಿನಲ್ಲಿ ಅದೇ ಕಾಲಕ್ಕೆ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ 1919ರಲ್ಲಿ ಕಟ್ಟಿದ ಲೈಂಗಿಕ ವಿಜ್ಞಾನ ಸಂಸ್ಥೆ ನಡೀತಿತ್ತು, ಗರ್ಭನಿರೋಧದ ಸಲಹೆಯಿಂದ ಹಿಡಿದು ಸಲಿಂಗಿಗಳ ಹಕ್ಕಿನವರೆಗೆ ಎಲ್ಲಾ ಮಾತು ಅಲ್ಲಿ ಬಾಯಿಬಿಟ್ಟು ನಡೀತಿತ್ತು. 1933ರ ಮೇ ತಿಂಗಳಲ್ಲಿ ನಾಜಿಗಳು ಅದಕ್ಕೆ ನುಗ್ಗಿ ಪುಸ್ತಕ ಎಲ್ಲಾ ಸುಟ್ರು, ಯಹೂದಿ ಅಂತ ಝೊಂಡೆಕ್ ಕೂಡ ಅದೇ ವರ್ಷ ಕೆಲಸ ಕಳ್ಕೊಂಡು ದೇಶ ಬಿಟ್ರು. ಕಾಲ ಮುಂದೆ ಹೋದಂಗೆ ಎಲ್ಲಾ ತಾನಾಗೇ ಸಡಿಲ ಆಗತ್ತೆ ಅಂತ ಯಾರಾದ್ರೂ ಹೇಳಿದ್ರೆ ನನಗೆ ಈ ಊರು ನೆನಪಾಗತ್ತೆ. ಬಿಗಿ ಆಗೋದೂ ಇದೆ, ಒಂದೇ ರಾತ್ರೀಲಿ.

ಈ ಟೆಸ್ಟನ್ನ ಲ್ಯಾಬಿಂದ ಬಾತ್‌ರೂಮಿಗೆ ತಂದಿದ್ದು ಡಾಕ್ಟರ್ ಅಲ್ಲ, ವಿಜ್ಞಾನಿನೂ ಅಲ್ಲ, 26 ವರ್ಷದ ಗ್ರಾಫಿಕ್ ಡಿಸೈನರ್. ಮಾರ್ಗರೆಟ್ ಕ್ರೇನ್ ಅಂತ. 1967ರಲ್ಲಿ ನ್ಯೂಜೆರ್ಸಿಯ ಒಂದು ಔಷಧಿ ಕಂಪನಿಗೆ ಕಾಸ್ಮೆಟಿಕ್ ಡಿಸೈನ್ ಮಾಡೋಕೆ ಸೇರಿದ್ರು. ಅಲ್ಲಿ ಲ್ಯಾಬಲ್ಲಿ ಸಾಲಾಗಿ ಟೆಸ್ಟ್ ಟ್ಯೂಬ್ ತೂಗುಹಾಕಿ ಕೆಳಗೆ ಕನ್ನಡಿ ಇಟ್ಟಿದ್ರು, ಟ್ಯೂಬಿನ ತಳದಲ್ಲಿ ಕೆಂಪು ಉಂಗುರ ಕಂಡ್ರೆ ಬಸುರಿ ಅಂತ ಅರ್ಥ, ಡಾಕ್ಟರ್‌ಗಳು ಕಳಿಸಿದ ಮೂತ್ರ ಅದು. ಕ್ರೇನ್‌ಗೆ ಅನ್ಸಿದ್ದು ಇಷ್ಟೇ, ಇಷ್ಟು ಸುಲಭ ಇದ್ರೆ ಆ ಹೆಂಗಸೇ ಯಾಕೆ ನೋಡ್ಕೋಬಾರ್ದು? ತನ್ನ ಮೇಜಿನ ಮೇಲಿದ್ದ ಪೇಪರ್ ಕ್ಲಿಪ್ ಡಬ್ಬಿ ತಗೊಂಡು, ಟ್ಯೂಬ್, ಡ್ರಾಪರ್, ಕೆಳಗೊಂದು ಕನ್ನಡಿ ಇಟ್ಟು ಮಾದರಿ ಮಾಡಿದ್ರು. ಕಂಪನಿಯವರು ಮೊದ್ಲು ಬೇಡ ಅಂದ್ರು, ಡಾಕ್ಟರ್‌ಗಳ ಕೆಲಸ ಕಿತ್ಕೊಂಡಂಗಾಗತ್ತೆ ಅಂತ. ಕೊನೆಗೆ ಒಪ್ಪಿಕೊಂಡಾಗ ಬೇರೆ ಡಿಸೈನರ್‌ಗಳೂ ಮಾದರಿ ತಂದಿದ್ರು, ಅವು ಹೂವು, ಅಲಂಕಾರ ಎಲ್ಲಾ ಮಾಡಿದ್ವು, ಕ್ರೇನ್‌ದು ಮಾತ್ರ ಒಳಗಿರೋದೆಲ್ಲಾ ಹೊರಗಿಂದಲೇ ಕಾಣೋ ಸಾದಾ ಡಬ್ಬಿ, ಅದೇ ಗೆದ್ದಿದ್ದು. 1971ರಲ್ಲಿ ಪೇಟೆಂಟ್ ಅವರ ಹೆಸರಲ್ಲಿ ಬಂತು, ಕಂಪನಿಗೆ ಒಂದು ಡಾಲರ್‌ಗೆ ಹಕ್ಕು ಬರೆದುಕೊಟ್ರು, ಆ ಒಂದು ಡಾಲರೂ ಕೈಗೆ ಬರ್ಲಿಲ್ಲ ಅಂತ ಅವರೇ ಆಮೇಲೆ ಹೇಳಿದಾರೆ. ಅದೇ ವರ್ಷ ಕೆನಡಾದಲ್ಲಿ ಮಾರಾಟಕ್ಕೆ ಬಂತು, ಅಮೆರಿಕಾದ ಅಂಗಡಿಗಳಿಗೆ ಬರೋಕೆ 1977 ಆಯ್ತು. ಅಲ್ಲಿನ ಮೊದಲ ಕಿಟ್ ನಾವು ಈಗ ನೋಡೋ ತರ ಇರ್ಲಿಲ್ಲ, ಎರಡು ಗಂಟೆ ಅಲುಗಾಡಿಸ್ದೆ ಇಡ್ಬೇಕು, ಪಾಸಿಟಿವ್ ಬಂದ್ರೆ 97 ಪರ್ಸೆಂಟ್ ನಂಬಬಹುದು, ನೆಗೆಟಿವ್ ಬಂದ್ರೆ 80 ಮಾತ್ರ. ಕಡ್ಡಿ ತರದ್ದು ಬಂದಿದ್ದು 1980ರ ದಶಕದ ಕೊನೇಲಿ. ಎರಡು ಗಂಟೆಯಿಂದ ಐದು ನಿಮಿಷಕ್ಕೆ ಬರೋದ್ರೊಳಗೆ ಒಂದು ತಲೆಮಾರೇ ದಾಟಿತ್ತು. ಕ್ರೇನ್ ಮಾಡಿದ ಆ ಮೊದಲ ಡಬ್ಬಿ ಈಗ ಅಮೆರಿಕಾದ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಲ್ಲಿದೆ.

ಇದೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ ಈ ಕಿಟ್ ಒಂದೇ ಬಂದಿದ್ರೆ ಏನೂ ಆಗ್ತಿರ್ಲಿಲ್ಲ. ಗೊತ್ತಾದ ಮೇಲೆ ಏನು ಮಾಡಬಹುದು ಅನ್ನೋದೂ ಬದಲಾಗ್ಬೇಕಿತ್ತು. ಗರ್ಭನಿರೋಧಕ ಮಾತ್ರೆಗೆ ಅಮೆರಿಕಾದಲ್ಲಿ 1960ರಲ್ಲಿ ಒಪ್ಪಿಗೆ ಸಿಕ್ತು, ಆದ್ರೂ ಗಂಡ ಹೆಂಡತಿ ಅದನ್ನ ಬಳಸೋದು ಅವರ ಖಾಸಗಿ ವಿಷಯ ಅಂತ ಸುಪ್ರೀಂ ಕೋರ್ಟ್ ಹೇಳೋಕೆ 1965 ಆಯ್ತು, ಮದುವೆ ಆಗ್ದೇ ಇರೋರಿಗೂ ಅದೇ ಹಕ್ಕು ಅನ್ನೋಕೆ 1972. ಐರ್ಲೆಂಡಲ್ಲಿ 1979ರ ಕಾನೂನು ಡಾಕ್ಟರ್ ಚೀಟಿ ಇದ್ರೆ ಮಾತ್ರ, ಅದೂ ನಿಜವಾದ ಕುಟುಂಬ ಯೋಜನೆಗೆ ಮಾತ್ರ ಅಂತ ಕಾಂಡೋಮ್ ಕೊಡ್ತಿತ್ತು, ಚೀಟಿ ಇಲ್ದೆ ಸಿಕ್ಕಿದ್ದು 1985ರ ತಿದ್ದುಪಡಿ ಆದ್ಮೇಲೆ. ನನಗೆ ತುಂಬಾ ಸಿಟ್ಟು ಬರಿಸಿದ್ದು ಜಪಾನ್ ಕಥೆ: ಅಲ್ಲಿ ಹೆಂಗಸರ ಮಾತ್ರೆ ದಶಕಗಟ್ಟಲೆ ಕಾಯ್ತು, 1999ರ ಶುರುವಿನಲ್ಲಿ ಗಂಡಸರ ವಯಾಗ್ರಾಗೆ ಆರೇ ತಿಂಗಳಲ್ಲಿ ಒಪ್ಪಿಗೆ ಸಿಕ್ತು, ಅದನ್ನ ನೋಡಿ ಜನ ಜಗಳ ತೆಗೆದ ಮೇಲೆ ಅದೇ ವರ್ಷ ಮಾತ್ರೆಗೂ ಒಪ್ಪಿಗೆ ಕೊಟ್ರು. ಯಾರ ಸುಖಕ್ಕೆ ಅರ್ಜೆಂಟು, ಯಾರ ಭಯಕ್ಕೆ ಕಾಯಬಹುದು, ಫೈಲಿನ ವೇಗದಲ್ಲೇ ಗೊತ್ತಾಗತ್ತೆ.

ಈಗ ಲೀಫ್ಲೆಟ್ ಬಗ್ಗೆ. ಐದರಲ್ಲಿ ಎರಡು ಸ್ಟಾರ್, ಅದೂ ಚಿತ್ರ ಸ್ಪಷ್ಟವಾಗಿ ಬರೆದಿದಾರೆ ಅಂತ. ನಾನು ಬಳಸಿದ ಹೆಚ್ಚಿನ ಬಾಕ್ಸ್‌ಗಳ ಮೇಲೆ ಒಬ್ಬಳು ನಗ್ತಾ ಇರ್ತಾಳೆ, ಪಕ್ಕದಲ್ಲಿ ಒಬ್ಬ ಗಂಡ, ಅಥವಾ ಒಂದು ಮಗುವಿನ ಕಾಲು. ಒಳಗೆ 'ಅಭಿನಂದನೆಗಳು' ಅನ್ನೋ ಧಾಟಿ. ಇದನ್ನ ಕೊಳ್ಳೋರಲ್ಲಿ ಎರಡು ಗೆರೆ ಬರ್ಲಿ ಅಂತ ಕಾಯೋರು ಎಷ್ಟಿದಾರೋ ಬರದೇ ಇರ್ಲಿ ಅಂತ ಕಾಯೋರೂ ಇದಾರೆ, 24ರಲ್ಲಿ ನಾನು ಆ ನಗೋ ಮುಖನ ಬಾಕ್ಸ್ ಸಮೇತ ಮಗುಚಿ ಇಟ್ಟಿದ್ದೆ, ನೋಡೋಕಾಗ್ದೆ. ಗಂಡ ಇಲ್ದೆ ಮಗು ಬೇಕು ಅನ್ನೋರಿದಾರೆ. ಎರಡು ಹೆಂಗಸರು ಸೇರಿ ಕಟ್ಟಿದ ಮನೆಗಳಿವೆ, ನೆದರ್‌ಲ್ಯಾಂಡ್ಸ್ 2001ರಲ್ಲೇ ಅಂಥಾ ಮದುವೆಗೆ ಅವಕಾಶ ಕೊಡೋ ಕಾನೂನು ಜಾರಿಗೆ ತಂತು, ಸಲಿಂಗ ಪ್ರೀತಿನ ರೋಗಗಳ ಪಟ್ಟಿಯಿಂದ ತೆಗೀತೀವಿ ಅಂತ ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ನಿರ್ಧಾರ ಮಾಡ್ತು. ಯುರೋಪಿಯನ್ ಯೂನಿಯನ್ನಲ್ಲಿ 2018ರಲ್ಲಿ ಹುಟ್ಟಿದ ನೂರು ಮಕ್ಕಳಲ್ಲಿ 42 ಮಕ್ಕಳು ಮದುವೆಯ ಹೊರಗೆ ಹುಟ್ಟಿದೋರು, ಆ ಮಕ್ಕಳಿಗೆ ಹಿಂದೆ ಒಂದೊಂದು ಭಾಷೇಲೂ ಒಂದೊಂದು ಕೆಟ್ಟ ಹೆಸರಿತ್ತು, ಈಗ ಆ ಹೆಸರುಗಳು ಬರೀ ಬೈಗುಳವಾಗಿ ಉಳ್ಕೊಂಡಿವೆ, ಮಕ್ಕಳು ಸ್ಕೂಲಿಗೆ ಹೋಗ್ತಿವೆ. ಮನೆ ಅಂದ್ರೆ ಏನು ಅನ್ನೋದು ಇಷ್ಟು ಬದಲಾಗಿರುವಾಗ ಲೀಫ್ಲೆಟ್ ಬರೆಯೋರು ಇನ್ನೂ 'ನೀವು ಮತ್ತು ನಿಮ್ಮ ಪತಿ' ಅಂತ ಶುರು ಮಾಡ್ತಾರೆ. ನೆಗೆಟಿವ್ ಬಂದ್ರೆ 'ನಿರಾಶರಾಗಬೇಡಿ' ಅಂತ ಬರೆದಿದ್ದ ಕಿಟ್ಟೂ ಒಂದಿತ್ತು. ನಿರಾಶೆನೋ ನಿರಾಳನೋ ಅದು ನಂದು, ಗೆರೆ ಏನು ಹೇಳತ್ತೆ ಅಂತ ಹೇಳಿ ಸುಮ್ಮನಿದ್ರೆ ಸಾಕಿತ್ತು.

ಆದ್ರೆ ಎರಡನೇ ಸಲ, 31ರಲ್ಲಿ, ಮದುವೆ ಆಗಿ ಎರಡು ವರ್ಷ, ಆಗ ನಾನೂ ಆ ನಗೋ ಮುಖದ ಕಡೆನೇ ಇದ್ದೆ. ಪಿರಿಯಡ್ಸ್ ದಿನಕ್ಕೂ ಮುಂಚೆನೇ ಟೆಸ್ಟ್ ಮಾಡಿದ್ದೆ, ಗೆರೆ ತೀರಾ ತೆಳು, ಬೆಳಕಿಗೆ ಹಿಡಿದ್ರೆ ಕಾಣತ್ತೆ ಇಲ್ಲಾಂದ್ರೆ ಇಲ್ಲ. ಮಾರನೇ ದಿನ ಸ್ವಲ್ಪ ಗಾಢ ಆಯ್ತು, ನಾಲ್ಕನೇ ದಿನಕ್ಕೆ ಮಾಯ, ಐದನೇ ದಿನ ರಕ್ತ. ಡಾಕ್ಟರ್ ಇದು ತುಂಬಾ ಕಾಮನ್ ಅಂದ್ರು, ಅವರ ಧ್ವನಿ ಮೃದುವಾಗೇ ಇತ್ತು. ಅವರು ಹೇಳಿದ್ದು ನಿಜ ಕೂಡ: 1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮಗು ಬಯಸ್ತಿದ್ದ 221 ಹೆಂಗಸರು ದಿನಾ ಮೂತ್ರದ ಸ್ಯಾಂಪಲ್ ಎತ್ತಿಟ್ಟಿದ್ರು, ಅದನ್ನ ಪರೀಕ್ಷೆ ಮಾಡಿದಾಗ ಗೊತ್ತಾಗಿದ್ದು ಏನಂದ್ರೆ ಕಟ್ಟಿದ ಗರ್ಭಗಳಲ್ಲಿ 22 ಪರ್ಸೆಂಟ್ ಯಾರಿಗೂ ಗೊತ್ತಾಗೋಕ್ ಮುಂಚೆನೇ ಹೋಗಿಬಿಡ್ತವೆ, ಆಮೇಲೆ ಹೋಗೋದೂ ಸೇರಿಸಿದ್ರೆ 31. ಅಂದ್ರೆ ನಮ್ಮಜ್ಜಿಗೂ ಹಿಂಗೆ ಆಗಿರಬಹುದು, ಎಷ್ಟು ಸಲನೋ, ಅವರು ಅದನ್ನ ಈ ಸಲ ನಾಲ್ಕು ದಿನ ತಡ ಆಯ್ತು ಅಂದ್ಕೊಂಡು ಮುಂದಕ್ಕೆ ಹೋಗಿರ್ತಾರೆ. ನನಗೆ ಮಾತ್ರ ಅದಕ್ಕೊಂದು ಗೆರೆ ಇತ್ತು, ಫೋನಲ್ಲಿ ಫೋಟೋ ಇತ್ತು, ನಾಲ್ಕು ದಿನಕ್ಕೆ ಮನಸ್ಸಲ್ಲಿ ಒಂದು ಹೆಸರೂ ಬಂದಿತ್ತು. ಬೇಗ ಗೊತ್ತಾಗೋದು ಒಳ್ಳೇದು ಅಂತ ನಾನು ಮೇಲೆಲ್ಲಾ ಹೇಳ್ತಾ ಬಂದಿದೀನಿ, ಅದನ್ನ ವಾಪಸ್ ತಗೊಳ್ಳಲ್ಲ, ಆದ್ರೆ ಈ ಕಡ್ಡಿ ಒಂದು ಹೊಸ ದುಃಖಾನ ಕೂಡ ಮನೆಗೆ ತಂದಿದೆ, ಆ ದುಃಖಕ್ಕೆ ಬಂದು ಕೂರೋ ನೆಂಟರಿಲ್ಲ, ರಜೆ ಇಲ್ಲ, ಹೇಳ್ಕೊಳ್ಳೋಕೆ ನಮ್ಮ ಭಾಷೇಲಿ ಸರಿಯಾದ ಪದನೂ ಇಲ್ಲ. ಅದಕ್ಕೇ ಹೇಳ್ತೀನಿ, ಪಿರಿಯಡ್ಸ್ ದಿನ ದಾಟೋವರೆಗೂ ಕಾಯಿರಿ. 'ಐದು ದಿನ ಮುಂಚೆನೇ ತಿಳಿಯಿರಿ' ಅಂತ ದೊಡ್ಡ ಅಕ್ಷರದಲ್ಲಿ ಹಾಕಿರೋ ಬಾಕ್ಸಿಗೆ ನಾನು ಸ್ಟಾರ್ ಕಟ್ ಮಾಡ್ತೀನಿ.

ಇನ್ನೊಂದು ಕಿಟ್, ಹೆಸರು ಹೇಳಲ್ಲ ಅಂದ್ನಲ್ಲ, ಅದರಲ್ಲಿ ಹತ್ತು ನಿಮಿಷ ಆದ್ಮೇಲೆ ಒಂದು ಬೂದು ಬಣ್ಣದ ಗೆರೆ ಮೂಡ್ತಿತ್ತು. ಮೂತ್ರ ಆರಿದ ಮೇಲೆ ಆಂಟಿಬಾಡಿ ಹಚ್ಚಿರೋ ಜಾಗ ಹಂಗೆ ಕಾಣ್ಸತ್ತೆ, ಅದು ಪಾಸಿಟಿವ್ ಅಲ್ಲ. ನನಗೆ ಆಗ ಗೊತ್ತಿರ್ಲಿಲ್ಲ, ಕಸದ ಡಬ್ಬಿಯಿಂದ ವಾಪಸ್ ತೆಗೆದು ನೋಡಿ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟೆ. ಲೀಫ್ಲೆಟ್ಟಲ್ಲಿ ಅದು ಇತ್ತು, ಇರುವೆ ಸಾಲಿನಂಥಾ ಅಕ್ಷರದಲ್ಲಿ, ಹಿಂದಿನ ಪುಟದಲ್ಲಿ.

ಮೂರನೇ ಸಲ, 33. ಬೆಳಗ್ಗೆ ನಾಲ್ಕೂ ಮುಕ್ಕಾಲು, ಎರಡು ಗೆರೆ, ಈ ಸಲ ಬೆಳಕಿಗೆ ಹಿಡಿಯೋ ಅವಶ್ಯಕತೆನೇ ಇರ್ಲಿಲ್ಲ. ನಾನು ಅವತ್ತು ಸಂಜೆವರೆಗೂ ಯಾರಿಗೂ ಹೇಳ್ಲಿಲ್ಲ, ನಮ್ಮನೆಯವರಿಗೂ. ಆಫೀಸಿಗೆ ಹೋದೆ, ಮೀಟಿಂಗಲ್ಲಿ ಕೂತೆ, ಹನ್ನೆರಡು ಗಂಟೆ ಅದು ನನ್ನೊಬ್ಬಳದೇ ಆಗಿತ್ತು. ಸಂಜೆ ಹೇಳಿದಾಗ ಅವರು ಖುಷಿ ಪಟ್ರು, ಆಮೇಲೆ ರಾತ್ರಿ ಮೆಲ್ಲಗೆ "ಬೆಳಗ್ಗೆನೇ ಯಾಕೆ ಎಬ್ಬಿಸ್ಲಿಲ್ಲ?" ಅಂತ ಕೇಳಿದ್ರು. ಬೇಜಾರಾಗಿತ್ತು ಅವರಿಗೆ. ಹೋದ ಸಲ ನಾಲ್ಕು ದಿನ ಅವರೂ ನನ್ನ ಜೊತೆ ಆ ಗೆರೆ ನೋಡಿದ್ರಲ್ಲ, ನಂಗೂ ಪಾಲಿದೆ ಅಂತ ಅವರ ಮನಸ್ಸಲ್ಲಿ. ಪಾಲಿದೆ, ನಿಜ. ಅವರಪ್ಪನ ತಲೆಮಾರಿನ ಗಂಡಸರು ಹೆರಿಗೆ ಆದ್ಮೇಲೆ ಬಂದು ಮಗು ಮುಖ ನೋಡಿ ಹೋಗ್ತಿದ್ರು, ಇವರು ಮೊದಲ ನಿಮಿಷಕ್ಕೇ ಪಕ್ಕದಲ್ಲಿರ್ಬೇಕಿತ್ತು ಅಂತ ಬೇಜಾರು ಮಾಡ್ಕೊಳ್ತಾರೆ, ಇದೂ ಒಂದು ಬದಲಾವಣೆನೇ, ನನಗೆ ಅದು ತುಂಬಾ ಪ್ರೀತಿ ಅನ್ಸಿದ ಬೇಜಾರು. ಆದ್ರೂ ಆ ಹನ್ನೆರಡು ಗಂಟೆ ನಂಗೆ ಬೇಕಿತ್ತು ಅಂತ ಹೇಳ್ದೆ. ಒಪ್ಪಿದ್ರೋ ಇಲ್ವೋ, ಕೈ ಹಿಡ್ಕೊಂಡು ಮಲಗಿದ್ರು.

ಅಮ್ಮಂಗೆ ಹೇಳಿದ್ದು ಹತ್ತನೇ ವಾರಕ್ಕೆ. ಅವರ ಬೇಜಾರು ಅಷ್ಟು ಬೇಗ ಹೋಗ್ಲಿಲ್ಲ. "ಎರಡು ತಿಂಗಳು ನೀನೊಬ್ಬಳೇ ವಾಂತಿ ಮಾಡ್ಕೊಂಡು ಆಫೀಸಿಗೆ ಹೋಗ್ತಿದ್ಯಾ? ನಮಗೆ ಗೊತ್ತಿದ್ರೆ ಬಂದಿರ್ತಿದ್ವಲ್ಲ" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಅಜ್ಜಿಯ ಅತ್ತೆ ದಿನ ಎಣಿಸ್ತಿದ್ರು ಅಂತ ನಾನು ಸಿಟ್ಟು ಮಾಡ್ಕೊಂಡೆ, ಆದ್ರೆ ಎಣಿಸಿದ ಮಾರನೇ ದಿನದಿಂದ ಅಜ್ಜಿಗೆ ಭಾರದ ಕೆಲಸ ಕೊಡ್ಲಿಲ್ಲವಂತೆ ಅದೇ ಅತ್ತೆ. ಕಣ್ಣಿಟ್ಟು ಕಾಯೋದು, ಕೈಕೊಟ್ಟು ಕಾಯೋದು ಎರಡೂ ಒಂದೇ ಮನುಷ್ಯರಿಂದ ಬರ್ತಿತ್ತು, ನಾವು ಕಣ್ಣು ಬೇಡ ಅಂದಾಗ ಕೈನೂ ದೂರ ಹೋಯ್ತು. ಕಣ್ಣು ಬೇಡ, ಕೈ ಬೇಕು ಅಂತ ಹೇಳೋದು ಹೆಂಗೆ ಅಂತ ನಾನಿನ್ನೂ ಕಲೀತಿದೀನಿ, ಅಮ್ಮನೂ ಕಲೀತಿದಾರೆ, ಈಗ ಫೋನ್ ಮಾಡಿ "ಏನಾದ್ರೂ ಇದ್ಯಾ?" ಅಂತ ಕೇಳಲ್ಲ, "ನಾನು ಬರ್ಲಾ?" ಅಂತ ಕೇಳ್ತಾರೆ.

ಇನ್ನೊಂದು ಎಚ್ಚರಿಕೆ, ಇದನ್ನ ಯಾವ ರಿವ್ಯೂನಲ್ಲೂ ನೋಡಿಲ್ಲ. ಈ ಕಿಟ್ ನಿಮ್ಮ ಕೈಲಿದ್ದಾಗ ಒಂದು, ಬೇರೆಯವರ ಕೈಲಿದ್ದಾಗ ಇನ್ನೊಂದು. ಕೆಲಸಕ್ಕೆ ಸೇರಿಸ್ಕೊಳ್ಳೋಕ್ ಮುಂಚೆ ಹೆಂಗಸರಿಗೆ ಇದೇ ಟೆಸ್ಟ್ ಮಾಡಿಸಿ, ಪಾಸಿಟಿವ್ ಬಂದೋರನ್ನ ವಾಪಸ್ ಕಳಿಸೋ ಕಡೆಗಳು ಎಷ್ಟೋ ಇವೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 183ನೇ ಒಪ್ಪಂದ, 2000ನೇ ಇಸವೀದು, ಕೆಲಸಕ್ಕೆ ಅರ್ಜಿ ಹಾಕಿದೋರ ಹತ್ರ ಇಂಥಾ ಟೆಸ್ಟ್ ಕೇಳಬಾರ್ದು ಅನ್ನತ್ತೆ, ಗರ್ಭಿಣಿಯರಿಗೆ ಅಪಾಯ ಇರೋಂಥಾ ಕೆಲವು ಕೆಲಸಗಳನ್ನ ಬಿಟ್ಟು. ಮನೆಯೊಳಗೂ ಅಷ್ಟೇ, ಮಗಳನ್ನ ಬಾತ್‌ರೂಮಿಗೆ ಕಳಿಸಿ ಬಾಗಿಲ ಹೊರಗೆ ನಿಂತು ಕಡ್ಡಿ ಕೊಡು ಇಲ್ಲಿ ಅನ್ನೋ ಅಪ್ಪ ಅಮ್ಮ ಇದಾರೆ. ಆಗ ಆ ಐದು ನಿಮಿಷಕ್ಕೂ 1556ರ ಆಜ್ಞೆಗೂ ವ್ಯತ್ಯಾಸ ಏನಿಲ್ಲ.

ತಗೊಳ್ಳೋರಿಗೆ: ಎಕ್ಸ್‌ಪೈರಿ ಡೇಟ್ ನೋಡಿ. ಬೆಳಗ್ಗಿನ ಮೊದಲ ಮೂತ್ರ ಒಳ್ಳೇದು, ಜಾಸ್ತಿ ನೀರು ಕುಡಿದು ಮಾಡಿದ್ರೆ ಹಾರ್ಮೋನ್ ತೆಳುವಾಗಿ ಗೆರೆ ಬರದೇ ಇರಬಹುದು. ನೆಗೆಟಿವ್ ಬಂದೂ ಪಿರಿಯಡ್ಸ್ ಬರ್ಲಿಲ್ಲ ಅಂದ್ರೆ ಕೆಲವು ದಿನ ಬಿಟ್ಟು ಮತ್ತೆ ಮಾಡಿ. 'ಸಿ' ಗೆರೆನೇ ಬರ್ಲಿಲ್ಲ ಅಂದ್ರೆ ಕಿಟ್ ಕೆಟ್ಟಿದೆ, ಬಿಸಾಕಿ. ಮಗು ಆಗ್ಲಿ ಅಂತ ಎಚ್‌ಸಿಜಿ ಇಂಜೆಕ್ಷನ್ ತಗೊಂಡಿದ್ರೆ ಸುಳ್ಳು ಪಾಸಿಟಿವ್ ಬರಬಹುದು, ಡಾಕ್ಟರ್ ಹೇಳಿದ ದಿನದವರೆಗೆ ಕಾಯಿರಿ. ಪಾಸಿಟಿವ್ ಬಂದು ಹೊಟ್ಟೆ ಒಂದು ಪಕ್ಕ ಜೋರು ನೋವು, ರಕ್ತ, ತಲೆಸುತ್ತು ಇದ್ರೆ ಗರ್ಭ ಗರ್ಭಕೋಶದಲ್ಲಲ್ಲ, ಅಂಡನಾಳದಲ್ಲಿ ಕಟ್ಟಿರಬಹುದು, ಆಗ ಒಂದು ನಿಮಿಷನೂ ಕಾಯಬೇಡಿ, ಆಸ್ಪತ್ರೆಗೆ ಓಡಿ, ಕಿಟ್‌ಗೆ ಆ ವ್ಯತ್ಯಾಸ ಗೊತ್ತಾಗಲ್ಲ. ಸಾದಾ ಸ್ಟ್ರಿಪ್‌ಗೆ ನನ್ನ ಕಡೆಯಿಂದ ನಾಲ್ಕೂವರೆ, ಡಿಜಿಟಲ್‌ಗೆ ಮೂರು.

ಹೋದ ತಿಂಗಳು ರಾತ್ರಿ ಹನ್ನೊಂದೂವರೆಗೆ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ಲು, ಅವಳಿಗೆ 22. ಹಿಂದೆ ನೀರು ಬೀಳೋ ಸದ್ದು ಕೇಳಿಸ್ತಿತ್ತು, ನಲ್ಲಿ ಬಿಟ್ಟಿದ್ದಾಳೆ ಅಂತ ಗೊತ್ತಾಯ್ತು. "ಅಕ್ಕಾ, ಒಂದು ಗೆರೆ ಇದೆ, ಇನ್ನೊಂದು ಇದ್ಯೋ ಇಲ್ವೋ ಗೊತ್ತಾಗ್ತಿಲ್ಲ." ಎಷ್ಟೊತ್ತಾಯ್ತು ಅಂದೆ. ಇಪ್ಪತ್ತು ನಿಮಿಷ ಅಂದ್ಲು. ಬಣ್ಣ ಗುಲಾಬಿನಾ ಬೂದಿನಾ ಅಂದೆ. ಬೂದಿ. ಹಂಗಾದ್ರೆ ಅದನ್ನ ಲೆಕ್ಕಕ್ಕೆ ತಗೋಬೇಡ, ನಾಳೆ ಬೆಳಗ್ಗೆ ಎದ್ದ ತಕ್ಷಣ ಹೊಸದ್ರಲ್ಲಿ ಮಾಡು, ಐದು ನಿಮಿಷಕ್ಕೆ ನೋಡಿ ಬಿಸಾಕು ಅಂದೆ. ಯಾರು, ಎಲ್ಲಿ, ಯಾವಾಗಿಂದ ಅಂತ ನಾನು ಕೇಳ್ಲಿಲ್ಲ, ಬಾಯಿ ತುದೀಲಿತ್ತು, ನುಂಗ್ಕೊಂಡೆ. "ನಾನು ಬರ್ಲಾ?" ಅಂದೆ. ಸ್ವಲ್ಪ ಹೊತ್ತು ಬರೀ ನೀರಿನ ಸದ್ದು. ಆಮೇಲೆ ಅವಳು ನಲ್ಲಿ ನಿಲ್ಲಿಸಿದ್ಲು.